ಹುಣಸೆಮರದ ಎರಡು ಬಾಲದ ಜೇಡ

ಅರವತ್ತರ ದಶಕ ಶುರುವಾದಾಗ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ವಿಭಾಗದ ಹಿರಿಯ ಅಧ್ಯಾಪಕರು ನನಗೆ ಪಾಠ ಹೇಳಿದ ಮೇಷ್ಟ್ರೇ. ಮಕ್ಕಳಿಲ್ಲದವರು, ಮಾತು ಕಡಿಮೆ. ಭಾನುವಾರ ಬಂತೆಂದರೆ ಪ್ಯಾಸೆಂಜರ್ ರೈಲು ಹತ್ತಿ ಹರಿಹರಕ್ಕೆ ಹೋಗುತ್ತಿದ್ದರು. ಅಲ್ಲಿ ಹೊಳೆದಂಡೆಯ ಹುಣಸೆತೋಪಿನಲ್ಲಿ ಮರಗಳ ತೊಗಟೆಗೆ ಮುಖ ಹಚ್ಚಿಕೊಂಡು ಮಧ್ಯಾಹ್ನದವರೆಗೆ ನಿಂತಿರುತ್ತಿದ್ದರು. ಕೆಲವು ಸಲ ನಾನೂ ಜೊತೆಗೆ ಹೋಗುತ್ತಿದ್ದೆ.

ಅವರು ಹುಡುಕುತ್ತಿದ್ದುದು ಒಂದು ಜೇಡವನ್ನು. ಚಪ್ಪಟೆ ಮೈ, ತೊಗಟೆಯದೇ ಬಣ್ಣ. ಕಣ್ಣೆದುರೇ ಕೂತಿದ್ದರೂ ಕಾಣುವುದಿಲ್ಲ. ಹೊಟ್ಟೆಯ ತುದಿಯಲ್ಲಿ ನೂಲು ಬಿಡುವ ಎರಡು ನೀಳ ಕುಡಿಗಳು, ಬಾಲದ ಹಾಗೆ. ಅಂಥ ಜೇಡಗಳು ನಮ್ಮ ದೇಶದಲ್ಲಿ ಹೊಸವೇನಲ್ಲ. ಆದರೆ ಈ ತೋಪಿನದು ಯಾವ ಜಾತಿಯದು ಎಂಬುದು ತೀರ್ಮಾನವಾಗಿರಲಿಲ್ಲ. ಜೇಡದ ಜಾತಿಯನ್ನು ಬಣ್ಣ ನೋಡಿ ಹೇಳಲಾಗದು. ಬೆಳೆದ ಹೆಣ್ಣಿನ ಹೊಟ್ಟೆಯಡಿ ಒಂದು ಸಣ್ಣ ಗಟ್ಟಿ ಫಲಕವಿರುತ್ತದೆ. ಗಂಡಿಗೆ ಬಾಯಿಯ ಪಕ್ಕದ ಸ್ಪರ್ಶಾಂಗದ ತುದಿ ಉಬ್ಬಿರುತ್ತದೆ. ಇವೆರಡರ ಆಕಾರ ಜಾತಿಗೊಂದು ತೆರ. ನಮಗೆ ಸಿಕ್ಕ ಹೆಣ್ಣುಗಳ ಫಲಕ ವಿಭಾಗದಲ್ಲಿದ್ದ ಜೇಡಗಳ ಪುಸ್ತಕದ ಯಾವ ಚಿತ್ರಕ್ಕೂ ಹೊಂದುತ್ತಿರಲಿಲ್ಲ. ಬೆಳೆದ ಗಂಡು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಇದು ಯಾರೂ ಹೆಸರಿಡದ ಜಾತಿ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಸ್ಪಿರಿಟ್ ಬಾಟಲಿಯ ಚೀಟಿಯಲ್ಲಿ ಊರು, ಮರ, ತಿಂಗಳು ಎಲ್ಲ ಬರೆದು ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಡುತ್ತಿದ್ದರು. ಆ ಖಾಲಿ ಜಾಗದ ಮೇಲೆ ಅವರಿಗಿದ್ದ ಆಸೆ ನನಗೆ ಕಾಣುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲಿದರೂ ಉಳಿಯಿತು. ಬುದ್ಧಿಗೆ ಏನೂ ಆಗಿರಲಿಲ್ಲ. ನೋಡಲು ಹೋದಾಗೆಲ್ಲ ಅವರದು ಒಂದೇ ಪ್ರಶ್ನೆ: "ಹರಿಹರಕ್ಕ ಹೋಗಿದ್ದೇನು?"

ಮಳೆ ಬಿದ್ದ ಮೇಲೆ ಒಬ್ಬಳೇ ಹೋದೆ. ತೋಪಿನ ಒಡೆಯರು ಹರಿಹರದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ವಯಸ್ಸಾದ ಸಾಹೇಬರು. ಮೇಷ್ಟ್ರ ಸ್ಥಿತಿ ಕೇಳಿ ತಾವೇ ನನ್ನನ್ನು ತೋಪಿನವರೆಗೆ ಕರೆದುಕೊಂಡು ಬಂದರು. ಆಮೇಲೆ, "ನೀವು ನೋಡ್ಕೊಳ್ರಿ ಮೇಡಂ. ಅವರು ಎದ್ದು ಬರೋಗಂಟ ಈ ಗಿಡಕ್ಕ ಗರಗಸ ಹಚ್ಚಾದಿಲ್ಲ" ಎಂದರು.

ಅವತ್ತೇ ಗಂಡು ಸಿಕ್ಕಿತು. ಹೆಣ್ಣಿಗಿಂತ ಸಣ್ಣದು, ಕಾಲು ಉದ್ದ. ಸೀಸೆಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಬಂದು, ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ಇಟ್ಟೆ. ಪುಸ್ತಕ ತೆರೆದೆ. ಹೋಲಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಪರ್ಶಾಂಗದ ತುದಿಯ ಸುರುಳಿ, ಅದರ ಪಕ್ಕದ ಕೊಕ್ಕೆ ಎರಡೂ ಚಿತ್ರದಲ್ಲಿದ್ದ ಹಾಗೆಯೇ ಇದ್ದವು. ಎಂದೋ ಹೆಸರಿಟ್ಟಾಗಿದ್ದ, ಎಲ್ಲರಿಗೂ ಗೊತ್ತಿದ್ದ ಜಾತಿ. ಆ ಚಿತ್ರವನ್ನು ಬೆರಳಿನಿಂದ ಮುಚ್ಚಿ ಇನ್ನೊಮ್ಮೆ ನೋಡಿದೆ. ನನ್ನ ಕಣ್ಣೇ ತಪ್ಪಿರಲಿ ಎಂದು ಅಷ್ಟು ಬಯಸಿದ್ದು ಅದೊಂದೇ ಸಲ.

ಸಂಜೆ ಅವರ ಮನೆಗೆ ಹೋದಾಗ ಬಾಗಿಲು ತೆಗೆದವರು ಅವರ ಹೆಂಡತಿ. ನನ್ನ ಮುಖ ನೋಡಿಯೇ ಅಂಗಳದಲ್ಲಿ ತಡೆದರು.

"ಏನಾತು?"

ಹೇಳಿದೆ.

"ಅವರಿಗೆ ಹೇಳಬ್ಯಾಡ. ಗಂಡು ಸಿಗಲಿಲ್ಲ ಅನ್ನು. ಅದನ್ನ ನೆನೆಸ್ಕೊಂಡು ನಾಕು ತುತ್ತು ಉಣ್ಣಾಕ ಹತ್ಯಾರ. ಅದೂ ಬ್ಯಾಡೇನು?"

ಏನು ಮಾಡಬೇಕೆಂದು ತೋಚದೆ ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಮೇಷ್ಟ್ರು ಮಲಗಿದಲ್ಲೇ ನನ್ನತ್ತ ಹೊರಳಿದರು.

"ಸಿಕ್ಕೈತೆ. ನಿನ್ನ ಮುಖ ಹೇಳತೈತೆ," ಎಂದರು. "ಸುರುಳಿ ಎಷ್ಟು ಸುತ್ತು?"

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಅವರತ್ತ ನೋಡುವ ಧೈರ್ಯವಾಗಲಿಲ್ಲ.

"ಒಂದೇ ಸುತ್ತು, ಸರ್."

"ಎಡದಿಂದನೋ, ಬಲದಿಂದನೋ?"

ಹೇಳಿದೆ. ಕೊಕ್ಕೆಯನ್ನು ಕೇಳಿದರು, ಅದರ ಬಾಗು ಕೇಳಿದರು. ವಿದ್ಯಾರ್ಥಿನಿಯಾಗಿದ್ದಾಗ ಮೌಖಿಕ ಪರೀಕ್ಷೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ ಹಾಗೆಯೇ, ಒಂದಾದ ಮೇಲೊಂದು. ನಾನು ಕಂಡದ್ದನ್ನೇ ಹೇಳುತ್ತ ಹೋದೆ. ಜಾತಿಯ ಹೆಸರನ್ನು ನಾನು ಆಡಲಿಲ್ಲ. ಕೊನೆಗೆ ಅವರೇ, ಕಣ್ಣು ಮುಚ್ಚಿಕೊಂಡು, ಆ ಲ್ಯಾಟಿನ್ ಹೆಸರನ್ನು ತೊದಲುತ್ತ ಹೇಳಿದರು.

"ಹೌದು, ಸರ್."

ಹೊರಗೆ ಹತ್ತಿಗಿರಣಿಯ ಕೂಗು ಕೇಳಿಸಿ ನಿಂತಿತು. ಅವರು ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು. ಆದರೆ ದನಿ ಪಾಠ ಹೇಳುವವರದೇ.

"ಹಂಗಾರ ಹೆಣ್ಣಿನ ಫಲಕ ಯಾಕ ಕೂಡಲಿಲ್ಲ? ಅದನ್ನ ಪೊಟ್ಯಾಶಿನಾಗ ಕುದಿಸಿ ನೋಡಿಲ್ಲ ನಾವು. ಕುದಿಸು. ಗೊತ್ತಾಗಲೇಬೇಕು ಅದು."

ಮರುದಿನ ಪೊಟ್ಯಾಶ್ ದ್ರಾವಣದಲ್ಲಿ ಫಲಕವನ್ನು ಮೆಲ್ಲಗೆ ಕಾಯಿಸಿದೆ. ಅದರ ಮೇಲಿದ್ದ ಕಂದು ಪದರ ಕರಗಿ ಬಿಟ್ಟುಕೊಂಡಿತು. ಗಂಡಿನೊಡನೆ ಕೂಡಿದ ಮೇಲೆ ಯಾವುದೋ ಸ್ರಾವ ಅಲ್ಲಿ ಒಣಗಿ ಮುಚ್ಚಳದ ಹಾಗೆ ಗಟ್ಟಿಯಾಗಿತ್ತು. ಇಷ್ಟು ದಿನ ನಾವು ನೋಡಿದ್ದು ಆ ಮುಚ್ಚಳವನ್ನು. ಅದರ ಕೆಳಗೆ ಪುಸ್ತಕದಲ್ಲಿದ್ದ ಆಕಾರವೇ ಇತ್ತು.

ಇದನ್ನು ಹೇಳಿದಾಗ ಮೇಷ್ಟ್ರು ಬಹಳ ದಿನಗಳ ಮೇಲೆ ನಕ್ಕರು. ಬಾಯಿಯ ಒಂದೇ ಬದಿ ಅಲುಗಿತು. "ಈಗ ಸರಿಯಾತು ನೋಡು," ಎಂದರು. ಬಾಟಲಿ ತರಿಸಿ, ಖಾಲಿ ಜಾಗದಲ್ಲಿ ನನ್ನ ಕೈಯಿಂದ ಆ ಹೆಸರು ಬರೆಸಿದರು. ಅಕ್ಷರ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಟಲಿಯನ್ನು ಎದೆಯ ಮೇಲಿಟ್ಟುಕೊಂಡರು.

ಚಳಿಗಾಲ ಬರುವ ಹೊತ್ತಿಗೆ ಅವರು ತೀರಿಕೊಂಡರು. ಅವರ ಹೆಂಡತಿ ಆ ಸಂಜೆಯಿಂದ ನನ್ನೊಡನೆ ಮಾತು ಬಿಟ್ಟಿದ್ದರು. ಮಣ್ಣು ಮಾಡಿದ ದಿನವೂ ಆಡಲಿಲ್ಲ. ನನಗೂ ಸಮಾಧಾನವಿರಲಿಲ್ಲ. ಸುಳ್ಳು ಹೇಳಿದ್ದರೆ ಮೇಷ್ಟ್ರು ಇನ್ನೊಂದಿಷ್ಟು ದಿನ ಬದುಕುತ್ತಿದ್ದರೋ ಏನೋ ಎಂಬ ಯೋಚನೆ ಪಾಠದ ನಡುವೆ ಬಂದು, ಕೈಯಲ್ಲಿದ್ದ ಸೀಮೆಸುಣ್ಣ ನಿಂತುಬಿಡುತ್ತಿತ್ತು.

ತಿಂಗಳು ಕಳೆದ ಮೇಲೆ ಆಕೆ ಕಾಲೇಜಿಗೇ ಬಂದರು. ಪ್ರಯೋಗಾಲಯದ ಹೊಸ್ತಿಲಲ್ಲಿ ಸೆರಗು ಹೊದ್ದು ನಿಂತಿದ್ದರು.

"ಬರ್ರಿ ಅಮ್ಮ, ಕೂಡ್ರಿ," ಎಂದೆ.

"ಕೂಡಾಕ ಬಂದಿಲ್ಲ. ಅದನ್ನ ತೋರಿಸು."

ಆ ಗಂಡು ಜೇಡವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕಣ್ಣಿಡುವುದನ್ನು ಹೇಳಿಕೊಟ್ಟೆ. ಆಕೆ ಬಾಗಿ ತುಂಬ ಹೊತ್ತು ನೋಡಿದರು.

"ನಿನ್ನ ಮ್ಯಾಲೆ ಸಿಟ್ಟಾಗಿದ್ದೆ," ಎಂದರು ತಲೆ ಎತ್ತದೆ. "ಆದ್ರ ನೀ ಬಂದು ಹೇಳಿದ ದಿನ ರಾತ್ರಿ ಅವರು ನಿದ್ದಿ ಮಾಡಿದ್ರು. ಲಕ್ವ ಹೊಡೆದ ಮ್ಯಾಲೆ ಹಂಗ ಮಲಗಿದ್ದು ಅವತ್ತೇ." ಆಮೇಲೆ ಕೇಳಿದರು, "ಜೀವ ಇದ್ದಾಗ ಇದು ಹೆಂಗಿರತೈತೆ?"

ಮುಂದಿನ ಭಾನುವಾರ ಇಬ್ಬರೂ ಹರಿಹರದ ರೈಲು ಹತ್ತಿದೆವು. ಮದುವೆಯಾಗಿ ಅಷ್ಟು ವರ್ಷವಾದರೂ ಆಕೆ ಆ ತೋಪನ್ನು ಕಂಡಿರಲಿಲ್ಲ. ಒಂದು ಮರದ ಬುಡದಲ್ಲಿ ಕಾದು ನಿಂತೆವು. ಇರುವೆಯೊಂದು ತೊಗಟೆ ಹತ್ತಿ ಬಂತು. ಇದ್ದಕ್ಕಿದ್ದಂತೆ ತೊಗಟೆಯ ಒಂದು ಚೂರೇ ಎದ್ದ ಹಾಗೆ ಜೇಡ ಓಡಿ, ಇರುವೆಯ ಸುತ್ತ ಸುತ್ತುತ್ತ ಅದನ್ನು ನೂಲಿನಲ್ಲಿ ಬಿಗಿಯಿತು. ಮತ್ತೆ ಎಲ್ಲ ಸ್ತಬ್ಧವಾಯಿತು. ಆಕೆ ಕೈ ಚಾಚಿ, ಜೇಡಕ್ಕೆ ತಾಗದಂತೆ, ತೊಗಟೆಯ ಮೇಲೆ ಅಂಗೈ ಇಟ್ಟು ನಿಂತರು.