ತಂತಿ ಕಿತ್ತ ಗುಂಡು

ಆಯುಧಪೂಜೆ ನಾಳೆಯೆಂದು ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಾಕಿ ದೀಪ ಉಜ್ಜುತ್ತಿದ್ದೆ. ಹಾಲು ತರಲು ಹೋಗಿದ್ದ ಯಜಮಾನರು ಬಂದು ಬಾಗಿಲಲ್ಲೇ ನಿಂತರು.

"ಹ್ಯಾಮರ್ ಹೋಗ್ಬಿಟ್ನಂತೆ ಕಣೇ."

ನನ್ನ ಕಣ್ಣು ತಾನಾಗಿ ಹಿತ್ತಲ ಬಾಗಿಲಿಗೆ ಒತ್ತುಕೊಟ್ಟಿದ್ದ ಕಬ್ಬಿಣದ ಗುಂಡಿನ ಕಡೆ ಹೋಯಿತು. ಅದು ಆತನದೇ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ದಾಸರಹಳ್ಳಿಯ ವಠಾರದಲ್ಲಿ ನಮ್ಮ ಪಕ್ಕದ ಮನೆಯವನು; ವಠಾರಕ್ಕೆಲ್ಲ ಹ್ಯಾಮರ್ ಎಂದೇ ಹೆಸರು. ಮಾದನಾಯಕನಹಳ್ಳಿ ಕಡೆಯ ರೈತರ ಮಗ. ಹ್ಯಾಮರ್ ಎಸೆತದಲ್ಲಿ ರಾಜ್ಯಕ್ಕೇ ಮೊದಲು ಬಂದನೆಂದು ಪೀಣ್ಯದ ಫ್ಯಾಕ್ಟರಿಯವರು ಕರೆದು ಕೆಲಸ ಕೊಟ್ಟಿದ್ದರು. ಅದೇ ಫ್ಯಾಕ್ಟರಿಯ ಕುಲುಮೆಯಲ್ಲಿ ನಮ್ಮ ಯಜಮಾನರು ಹನ್ನೊಂದು ವರ್ಷದಿಂದ ಸುತ್ತಿಗೆ ಬಡಿಯುತ್ತಿದ್ದರು.

"ಸುತ್ತಿಗೆ ಎಸೆದ್ರೆ ಕಪ್ ಕೊಡ್ತಾರೇನ್ರೀ? ನಮ್ಮನೆಯವ್ರು ದಿನಾ ಎತ್ತುತ್ತಾರೆ, ಎಸೆಯಲ್ಲ ಅಷ್ಟೇ" ಎಂದು ನಲ್ಲಿಯ ಹತ್ತಿರ ಅಂದಿದ್ದೆ. ವಠಾರವೆಲ್ಲ ನಕ್ಕಿತು. ಆತನ ಹೆಂಡತಿಯೂ ನಕ್ಕು, "ಸುತ್ತಿಗೆ ಅಲ್ಲ ಕಣಕ್ಕ, ಗುಂಡು" ಎಂದು ತಂದು ತೋರಿಸಿದಳು. ಉದ್ದದ ತಂತಿ, ತುದಿಯಲ್ಲಿ ಕಬ್ಬಿಣದ ಗುಂಡು. ಎತ್ತಲು ನನಗೆ ಎರಡು ಕೈ ಬೇಕಾಯಿತು.

ಬೆಳಿಗ್ಗೆ ಹಾಲು ಕಾಯಿಸುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಹಿಂದಿನ ಬಯಲಿನಲ್ಲಿ ಬುಗುರಿಯಂತೆ ಮೂರು ಸುತ್ತು ತಿರುಗಿ ಬಿಟ್ಟನೆಂದರೆ... ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಎಷ್ಟೋ ಸಲ ಹಾಲು ಉಕ್ಕಿದೆ.

ಪ್ರತಿವರ್ಷ ಆಯುಧಪೂಜೆಗೆ ಅದನ್ನು ತೊಳೆದು ತಂದು ನಮ್ಮ ಸುತ್ತಿಗೆಯ ಪಕ್ಕ ಇಡುತ್ತಿದ್ದ. "ಅಕ್ಕಾ, ನಿಮ್ ಕೈಲಿ ಕುಂಕುಮ ಬಿದ್ರೆ ದೂರ ಹೋಗ್ತದೆ."

ಒಂದು ವರ್ಷ ಯಜಮಾನರಿಗೆ ಬರಬೇಕಿದ್ದ ಮೇಸ್ತ್ರಿ ಕೆಲಸ ಆತನಿಗೆ ಹೋಯಿತು, ಮಧ್ಯಾಹ್ನವೇ ಮೈದಾನಕ್ಕೆ ಹೊರಡುವವನಿಗೆ! ಯಜಮಾನರು ಎಂದಿನಂತೆ ಕುಲುಮೆಗೆ ಹೋಗಿ ಬಂದರು. ಕಿಡಿ ಹಾರಿ ತೂತುಬಿದ್ದ ಅವರ ಅಂಗಿಗೆ ತೇಪೆ ಹಾಕುತ್ತಾ ನಾನೇ ಉರಿದುಹೋದೆ. ದೇವರು ಕೊಟ್ಟದ್ದು ಕಮ್ಮಿಯೇನಲ್ಲ, ಅವರ ಹತ್ತು ಬೆರಳೂ ಹತ್ತಾಗಿಯೇ ಮನೆಗೆ ಬರುತ್ತಿದ್ದವು. ಆದರೂ ಹೊಟ್ಟೆಯುರಿ ಬಿಡಲಿಲ್ಲ.

ಆ ಸಲದ ಆಯುಧಪೂಜೆಯಲ್ಲಿ ಮಂಗಳಾರತಿಯ ಹೊತ್ತಿಗೆ ಆ ಗುಂಡನ್ನು ಮಂಚದ ಕೆಳಗೆ ತಳ್ಳಿದೆ. ಆಮೇಲೆ ಡಬ್ಬಿಯಿಂದ ಒಂದು ಚಿಟಿಕೆ ಕುಂಕುಮ ಬಳಿದು ಕೊಟ್ಟೆ. ದೇವರ ಮುಂದೆ ಇಡದ ಗುಂಡನ್ನು ಆತ ಕಣ್ಣಿಗೊತ್ತಿಕೊಂಡು ಒಯ್ದ.

ದೇಶಕ್ಕೇ ಮೊದಲು ಬಂದ. ರೈಲಿಳಿದವನೇ ಮೈಸೂರುಪಾಕ್ ಹಿಡಿದು ನಮ್ಮ ಬಾಗಿಲಿಗೆ ಬಂದ. "ನಿಮ್ ಪೂಜೆ ಫಲ ಅಕ್ಕಾ." ಸೋತಿದ್ದರೆ ಪಾಪವೆಂದು ಅಳುತ್ತಿದ್ದೆನೇನೋ. ನನ್ನ ಪೂಜೆಯಿಲ್ಲದೆಯೂ ಗೆದ್ದನಲ್ಲ... ಮೈಸೂರುಪಾಕನ್ನು ಬಾಯಿಗೆ ಹಾಕದೆ ಡಬ್ಬಿಗೆ ಹಾಕಿಟ್ಟೆ.

ಮುಂದೆ ಸೊಂಟ ಹಿಡಿದು ಆಟ ಬಿಟ್ಟ. ವಠಾರ ಬಿಡುವ ದಿನ ತಂತಿ ಕಿತ್ತುಹೋದ ಆ ಗುಂಡನ್ನು ತಂದು, "ಪೂಜೆ ಮಾಡಿದ ಕೈಲೇ ಇರ್ಲಿ ಅಕ್ಕಾ" ಎಂದ. ಆಗಲಾದರೂ ಹೇಳಬಹುದಿತ್ತು. "ಕಾಫಿ ಕುಡ್ಕೊಂಡ್ ಹೋಗು" ಎಂದೆ, ಅಷ್ಟೇ.

"ಹೋಗ್ಬರೋಣ್ವಾ?" ಬಾಗಿಲಲ್ಲಿ ಇನ್ನೂ ನಿಂತಿದ್ದ ಯಜಮಾನರು ಕೇಳಿದರು.

"ಹೋಗೋಣ, ಅಂಗಿ ಬದಲಾಯ್ಸಿ ಬನ್ನಿ" ಎಂದೆ. ಅವರು ಅತ್ತ ಹೋದ ಮೇಲೆ ಕುಂಕುಮದ ಬಟ್ಟಲು ತಂದು ಗುಂಡಿನ ಮುಂದೆ ಕೂತೆ. ಹುಣಸೆನೀರಿನ ಕೈ. ತುಕ್ಕಿನ ಮೇಲೆ ಕುಂಕುಮ ನಿಲ್ಲದೆ ಕೆಳಗಿಳಿಯಿತು. ಸೆರಗಿನಿಂದ ಒರೆಸಿ ಮತ್ತೆ ಇಟ್ಟೆ. ಅದೂ ಇಳಿಯಿತು...

ಇನ್ನೂ ಎರಡು ದೀಪ ಉಜ್ಜುವುದಿತ್ತು.