ಕಂಕುಳಲ್ಲೊಂದು ವೀಳ್ಯದೆಲೆ

ಒದ್ದೆ ಖಾಕಿಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಓಡಿದಾಗ ಒಂದು ವಾಸನೆ ಏಳುತ್ತದೆ. ಅರ್ಧ ಗಂಜಿಯದು, ಅರ್ಧ ಕಾದ ನೂಲಿನದು. ರಾಣೆಬೆನ್ನೂರಿನ ಓಣಿಯೊಂದರಲ್ಲಿ ಐದು ವರ್ಷದ ಬಿಬಿಜಾನ್ ದಿನಾ ಆ ವಾಸನೆಗೇ ಕಣ್ಣು ಬಿಡುತ್ತಿದ್ದಳು. ಪೊಲೀಸರ ಬಟ್ಟೆ ಹೊಲಿಯುವ ಅಬ್ಬಾ ಇಸ್ಮಾಯಿಲಸಾಬ ಬಾಯಲ್ಲಿ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಫುರ್ರೆಂದು ಊದುತ್ತಿದ್ದ, ಪೆಟ್ಟಿಗೆ ಚುಂಯ್ ಎನ್ನುತ್ತಿತ್ತು, ಹೊರಗೆ ಕಟ್ಟೆಯ ಮೇಲೆ ಯಾರೋ ಪೊಲೀಸರು ಬನಿಯನ್ನಿನಲ್ಲೇ ಕುಳಿತು ಅಂಗಿಗೆ ಕಾಯುತ್ತಿದ್ದರು. ಈಗ ಬಿಬಿಜಾನ್ ಅವರಿಗೆ ಐವತ್ತೊಂದು. ಇದ್ದಿಲು ಹೋಗಿ ಕರೆಂಟಿನ ಇಸ್ತ್ರಿ ಬಂದಿದೆ. ಆದರೂ ಬೆಳಗಿನ ಐದಕ್ಕೆ ಹಾವೇರಿಯ ತಮ್ಮ ಅಂಗಡಿಯ ಬಾಗಿಲೆತ್ತಿ, ಮೊದಲ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಇಡುವಾಗ ಅವರು ಆ ವಾಸನೆಗೆ ಮೂಗೊಡ್ಡಿ ನಿಲ್ಲುತ್ತಾರೆ.

ಅಂಗಡಿ ಎಂಟು ಅಡಿ ಅಗಲ. ಒಂದು ಹೊಲಿಗೆ ಮಷೀನು, ಕತ್ತರಿಸುವ ಹಲಗೆ, ಆಳೆತ್ತರದ ಕನ್ನಡಿ. ಗೋಡೆಯ ತುಂಬ ಸಿನಿಮಾ ಪೋಸ್ಟರುಗಳು, ಎಲ್ಲವೂ ಖಾಕಿಯವೇ. ಕೈಯಲ್ಲಿ ಲಾಠಿ ಹಿಡಿದವನು, ಜೀಪಿನಿಂದ ಜಿಗಿಯುವವನು, ಬೆಂಕಿಗೆ ಬೆನ್ನು ಹಾಕಿ ನಿಧಾನವಾಗಿ ನಡೆದು ಬರುವವನು. ಅವರೆಲ್ಲರ ನಡುವೆ ತೊಲೆಯಿಂದ ಒಂದು ಗೋಣಿಚೀಲ ತೂಗಾಡುತ್ತದೆ. ಒಳಗೆ ತುಂಬಿರುವುದು ಬರೀ ಖಾಕಿ ಚಿಂದಿ. ಅದರ ಹೆಸರು ವಿಲನ್. ಬಿಬಿಜಾನ್ ಕೈಯಿಂದ ಸಮವಸ್ತ್ರ ಹೊಲಿಸಿಕೊಂಡವರು ಯಾರೇ ಆಗಲಿ, ಅದಕ್ಕೆ ನಾಲ್ಕು ಏಟು ಹಾಕದೆ ಅಂಗಿ ಮನೆಗೆ ಒಯ್ಯುವಂತಿಲ್ಲ.

ಇವತ್ತು ಎಂಟು ಗಂಟೆಗೆ ಊರಿನ ಮೈದಾನದಲ್ಲಿ ಇಪ್ಪತ್ತೆರಡು ಗೃಹರಕ್ಷಕಿಯರ ಕವಾಯತು ಇದೆ. ಬ್ಯಾಡಗಿ, ರಾಣೆಬೆನ್ನೂರು ಕಡೆಯಿಂದ ಬಂದು ಹತ್ತು ದಿನ ಇಲ್ಲೇ ತರಬೇತಿ ಪಡೆದ ಹೆಣ್ಣುಮಕ್ಕಳು. ಇಪ್ಪತ್ತೆರಡೂ ಜೋಡಿ ಬಟ್ಟೆ ತರಬೇತಿಗೆ ಮುಂಚೆಯೇ ಅಳತೆ ತೆಗೆದು ಬಿಬಿಜಾನ್ ಹೊಲಿದದ್ದು. ದಿನಕ್ಕೆ ಎರಡು ಅಂಗಿ ಇಲ್ಲವೇ ಮೂರು ಪ್ಯಾಂಟು, ಅದಕ್ಕಿಂತ ಹೆಚ್ಚು ಅವರ ಕೈಯಿಂದ ಹೊರಡುವುದಿಲ್ಲ. ಈ ಕೆಲಸ ಕೊಡಿಸಿದವರು ಆ ಹುಡುಗಿಯರ ತುಕಡಿಯ ಮುಖ್ಯಸ್ಥೆ ಪದ್ಮಜಾ. ಕೊಡಿಸುವಾಗ ಬಿಚ್ಚು ಮಾತಿನಲ್ಲೇ ಹೇಳಿದ್ದಾರೆ: "ಅಕ್ಕಾರ, ಮ್ಯಾಲಿನಾವರ ಮುಂದ ನಾ ಮಾತು ಕೊಟ್ಟೇನಿ. ಮೈದಾನದಾಗ ಒಂದು ಹೊಲಿಗಿ ಬಿಚ್ಚಿತು ಅಂದ್ರ ಇನ್ನೊಮ್ಮೆ ನಿಮ್ಮ ಹೆಸರು ಎತ್ತಾಕ ನನಗ ಬಾಯಿ ಇರೂದಿಲ್ಲ."

ಹಾಗೆ ಹೇಳಲು ಕಾರಣವಿದೆ. ಅದು ಶುರುವಾಗುವುದು ಥಿಯೇಟರಿನಲ್ಲಿ.

ಹೊಡೆದಾಟದ ಸಿನಿಮಾ ಅಂದರೆ ಬಿಬಿಜಾನ್ ಅವರಿಗೆ ಚಿಕ್ಕಂದಿನ ಹುಚ್ಚು. ಪೊಲೀಸ್ ಹೀರೋ ಇದ್ದರೆ ಮುಗಿದೇ ಹೋಯಿತು. ಶುಕ್ರವಾರ ಸಂಜೆಯ ಆಟ ಮೂವತ್ತು ವರ್ಷದಲ್ಲಿ ಅವರು ತಪ್ಪಿಸಿದ್ದು ಬೆರಳೆಣಿಕೆ. ಪಡದೆಯ ಮೇಲೆ ಕಳ್ಳ ಓಡುವಾಗ ಉಳಿದವರು ಕಳ್ಳನನ್ನು ನೋಡುತ್ತಾರೆ, ಇವರು ಹಿಂದೆ ಓಡುವವನ ಗುಂಡಿ ಎಣಿಸುತ್ತಾರೆ. ಭುಜದ ಪಟ್ಟಿ ಸೊಟ್ಟ ಇದ್ದರೆ ಹಲ್ಲು ಕಡಿಯುತ್ತಾರೆ, ಒಳ್ಳೆಯ ಹೊಲಿಗೆ ಕಂಡರೆ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುತ್ತಾರೆ. ಪಕ್ಕದಲ್ಲಿ ಗಂಡ ಅಶ್ಫಾಕ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವಾರವೆಲ್ಲ ಚೀಲ ಹೊತ್ತು ಬಂದವರು. ಹೆಸರು ಬೀಳುವ ಮುಂಚೆಯೇ ಅವರಿಗೆ ನಿದ್ದೆ. ವಿರಾಮಕ್ಕೆ ಸರಿಯಾಗಿ ಎದ್ದು, ಹೋಗಿ ಗಿರ್ಮಿಟ್ಟು ತಂದುಕೊಟ್ಟು, ಮತ್ತೆ ಮಲಗುತ್ತಾರೆ. "ಗುಂಡು ಹಾರಿದ್ರೂ ಏಳೂದಿಲ್ಲ ಅಂವ," ಎಂದು ನಗುತ್ತಾರೆ ಬಿಬಿಜಾನ್. "ಆದ್ರ ಒಂದ ಶುಕ್ರವಾರನೂ ಒಲ್ಲೆ ಅಂದಿಲ್ಲ ನೋಡ್ರಿ."

ಅಬ್ಬಾ ತೀರಿಕೊಂಡಾಗ ಬಿಬಿಜಾನ್ ಅವರಿಗೆ ಹತ್ತೊಂಬತ್ತು. ಕತ್ತರಿ ಅವರ ಕೈಗೆ ಬಂತು, ಗಿರಾಕಿಗಳು ಬರಲಿಲ್ಲ. ಹೆಂಗಸಿನ ಟೇಪಿಗೆ ಮೈಯೊಡ್ಡಲು ಪೊಲೀಸರಿಗೆ ಸಂಕೋಚ. ಕೊನೆಗೆ ಒಂದು ದಾರಿ ಸಿಕ್ಕಿತು. ಅಳತೆಗೆಂದು ಹಳೆಯ ಅಂಗಿ ಕೊಟ್ಟು ಹೋಗುವುದು, ಅದನ್ನು ಹಲಗೆಯ ಮೇಲೆ ಹಾಸಿ ಇವರು ಹೊಸದನ್ನು ಕತ್ತರಿಸುವುದು. ಮದುವೆಯಾಗಿ ಹಾವೇರಿಗೆ ಬಂದ ಮೇಲೂ ಅದೇ ರೂಢಿ ನಡೆಯಿತು. ನಿಧಾನಕ್ಕೆ ಹೆಸರು ಬಂತು, ಹೆಸರಿನ ಹಿಂದೆ ಧೈರ್ಯವೂ ಬಂತು. ಆರು ವರ್ಷಗಳ ಹಿಂದೆ ಆಗಸ್ಟ್ ಹದಿನೈದರ ಕವಾಯತಿಗೆ ಹದಿನಾಲ್ಕು ಮಂದಿ ಒಟ್ಟಿಗೆ ಬಟ್ಟೆ ಕೊಟ್ಟಾಗ ಆ ಧೈರ್ಯ ಸ್ವಲ್ಪ ಜಾಸ್ತಿಯೇ ಆಗಿತ್ತು.

"ಅಳತಿ ಹಳೇ ಅಂಗೀದು, ಆಕಾರ ಪಿಚ್ಚರಿಂದು," ಎನ್ನುತ್ತಾರೆ ಈಗ. ತೋಳು ರಟ್ಟೆಗೆ ಅಂಟುವಂತೆ, ಎದೆ ಉಬ್ಬುವಂತೆ, ನಡು ಹಿಡಿಯುವಂತೆ ಹೊಲಿದರು. "ಹದಿನಾಲ್ಕೂ ಮಂದಿ ಈ ಕನ್ನಡಿ ಮುಂದ ನಿಂತು ತಮ್ಮನ್ನ ತಾವ ನೋಡಿ ನಕ್ಕಿದ್ರು. ಹೊಟ್ಟಿ ಇದ್ದಾವ್ರೂ ಹೀರೋ ಆಗಿದ್ರು." ಬಾವುಟ ಏರಿತು. ಹದಿನಾಲ್ಕು ಬಲಗೈ ಒಟ್ಟಿಗೆ ಮೇಲೆದ್ದವು. ಒಂಬತ್ತು ಕಂಕುಳು ಪರ್ರೆಂದು ಹರಿದವು. ಮುಂದಿನ ಸಾಲಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ನಿಜಲಿಂಗಪ್ಪನವರದು ಪಕ್ಕೆಲುಬಿನವರೆಗೆ ಹೋಗಿತ್ತು. ರಾಷ್ಟ್ರಗೀತೆ ಮುಗಿಯುವ ತನಕ ಕೈ ಇಳಿಸುವಂತಿಲ್ಲ. ನಿಂತರು.

ಮರುದಿನ ನಿಜಲಿಂಗಪ್ಪ ಅಂಗಡಿಗೆ ಬಂದು ಹರಿದ ಅಂಗಿಯನ್ನು ಮಡಚಿ ಹಲಗೆಯ ಮೇಲಿಟ್ಟರು. "ತಂಗೀ, ಪಡದೆ ಮ್ಯಾಲಿನಾವ ಕೈ ಎತ್ತೂದು ವರ್ಷಕ್ಕ ಎರಡು ಪಿಚ್ಚರಿನಾಗ. ನಾವು ದಿನಕ್ಕ ನಲವತ್ತು ಸಲ ಎತ್ತಬೇಕು," ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಬಿಬಿಜಾನ್. ಅಂದಿನಿಂದ ನಿಜಲಿಂಗಪ್ಪ ಇದೇ ರಸ್ತೆಯಲ್ಲಿ ಇನ್ನೊಬ್ಬರ ಅಂಗಡಿಗೆ ಬಟ್ಟೆ ಒಯ್ಯುತ್ತಾರೆ, ಇತ್ತ ತಿರುಗುವುದಿಲ್ಲ. ಉಳಿದವರೂ ಅವರ ಹಿಂದೆ ಹೋದರು. ಖಾಕಿ ಹೊಲಿಯುತ್ತಿದ್ದ ಮಷೀನಿನ ಮೇಲೆ ಶಾಲೆ ಮಕ್ಕಳ ಚಡ್ಡಿ, ದಿಂಬಿನ ಚೀಲ ಬಂದವು.

ಆಮೇಲೆ ಎರಡು ಶುಕ್ರವಾರ ಬಿಬಿಜಾನ್ ಮನೆ ಬಿಟ್ಟು ಏಳಲಿಲ್ಲ. ಮೂರನೆಯದಕ್ಕೆ ಅಶ್ಫಾಕ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. "ನಡಿ ಹೋಗೂನು. ನೀ ಪಿಚ್ಚರ್ ನೋಡ್ಲಿಲ್ಲ ಅಂದ್ರ ನಾ ಎಲ್ಲಿ ಮಲಗ್ಲಿ?"

ಅವತ್ತು ಪಡದೆಯ ಮೇಲೆ ಇನ್‌ಸ್ಪೆಕ್ಟರು ಬಸ್ಸಿನ ಮೇಲಿನಿಂದ ಜಿಗಿದ. ಬಿಬಿಜಾನ್ ಕುರ್ಚಿಯ ತುದಿಗೆ ಬಂದರು. ಜಿಗಿಯುವ ಮುಂಚೆ ಬಿಗಿಯಾಗಿದ್ದ ಅಂಗಿ ಜಿಗಿಯುವಾಗ ಕಂಕುಳಲ್ಲಿ ಸಡಿಲವಾಗಿತ್ತು. ಜಿಗಿದವನ ಮುಖ ಕಾಣಲಿಲ್ಲ, ಬೆನ್ನಷ್ಟೇ ಕಂಡಿತು. ಅದೇ ಸಿನಿಮಾವನ್ನು ನಾಲ್ಕು ಸಲ ನೋಡಿದರು. ನಾಲ್ಕನೆಯ ಸಲ ಖಾತ್ರಿಯಾಯಿತು, ಹೊಡೆದಾಡುವವನ ಅಂಗಿಗೆ ತೋಳಿನ ಕೆಳಗೆ ಬೇರೆ ತುಂಡೊಂದು ಕೂಡಿಸಿದ್ದಾರೆ. "ಹೀರೋನ ಅಂಗಿ ನಿಲ್ಲಾಕ, ಡೂಪಿನ ಅಂಗಿ ದುಡಿಯಾಕ. ನಾ ಹದಿನಾಲ್ಕು ಮಂದಿ ದುಡಿಯಾವ್ರಿಗೆ ನಿಲ್ಲೂ ಅಂಗಿ ಹೊಲದು ಕೊಟ್ಟಿದ್ನಿ." ಕೆಡಿಸಿದ್ದೂ ಸಿನಿಮಾ, ಕಲಿಸಿದ್ದೂ ಸಿನಿಮಾ.

ಅಂದಿನಿಂದ, ಆಗೊಮ್ಮೆ ಈಗೊಮ್ಮೆ ಅವರ ಕೈಗೆ ಬರುವ ಪ್ರತಿ ಖಾಕಿ ಅಂಗಿಯ ಎರಡೂ ಕಂಕುಳಲ್ಲಿ ವೀಳ್ಯದೆಲೆಯಷ್ಟಗಲದ, ವೀಳ್ಯದೆಲೆಯದೇ ಆಕಾರದ ಒಂದು ತುಂಡು ಇರುತ್ತದೆ. ಕೈ ಇಳಿಸಿದರೆ ಮಡಚಿಕೊಂಡು ಮರೆಯಾಗುತ್ತದೆ, ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ವಿಲನ್ ಬಂದದ್ದೂ ಆಗಲೇ. ಅಂಗಿ ತೊಟ್ಟವರು ಅದಕ್ಕೆ ಹೊಡೆಯಬೇಕು, ಅದನ್ನು ತಬ್ಬಿ ಎತ್ತಬೇಕು, ಸೆಲ್ಯೂಟ್ ಮಾಡಬೇಕು, ಚಕ್ಕಂಬಕ್ಕಳ ಹಾಕಿ ಕೂತು ಊಟ ಮಾಡಿದ ಹಾಗೆ ಕೈ ಆಡಿಸಬೇಕು. ಕೊನೆಯದು ಯಾಕೆಂದರೆ ಅಬ್ಬಾ ಹೇಳುತ್ತಿದ್ದ ಮಾತೊಂದಿದೆ: "ಖಾಕಿ ಒಳಗ ಮನಷ್ಯಾ ಇರ್ತಾನವಾ, ಅವನಿಗೂ ಹಸಿವು ಆಗ್ತದ."

ಇಷ್ಟೆಲ್ಲ ಇದ್ದೂ ಇವತ್ತು ಆರೂಕಾಲಿಗೆ ಅಂಗಡಿಯ ಮುಂದೆ ರೋಹಿಣಿ ಓಡಿ ಬಂದು ನಿಲ್ಲುತ್ತಾಳೆ. ಕಾಗಿನೆಲೆಯವಳು, ಇಪ್ಪತ್ತೆರಡು ಮಂದಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಸಮವಸ್ತ್ರ ತೊಟ್ಟೇ ಬಂದಿದ್ದಾಳೆ. ಅವಳು ಬಾಯಿ ತೆರೆಯುವ ಮುಂಚೆಯೇ ಬಿಬಿಜಾನ್ ಕಣ್ಣು ಅಂಗಿಯ ಪಕ್ಕಕ್ಕೆ ಹೋಗುತ್ತದೆ.

"ಇದು ನನ್ನ ಹೊಲಿಗಿ ಅಲ್ಲ."

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ರಾತ್ರಿ ನಾವ ಹಿಡಿದಿವ್ರಿ. ಕೈಸೂಜಿಲೆ."

"ನಾವ ಅಂದ್ರ?"

"ಐದು ಮಂದಿ." ಹುಡುಗಿ ನೆಲ ನೋಡುತ್ತಾಳೆ. "ಅಳತಿ ತಗೊಳ್ಳೂವಾಗ ನೀವು ಆ ಲೇಡಿ ಇನ್‌ಸ್ಪೆಕ್ಟರ್ ಪಿಚ್ಚರ್ ಬಗ್ಗೆ ಹೇಳಿದ್ರಲ್ರಿ, ಏನ್ ನಡೀತಾಳ, ಏನ್ ಅಂಗಿ ಅಂತ. ನಿನ್ನೆ ಮೊಬೈಲಿನಾಗ ನೋಡಿದಿವಿ. ನಮಗೂ ಹಂಗ ಫಿಟ್ಟ ಇರ್ಲಿ ಅಂತ… ಈಗ ಕೈ ಎತ್ತಿದ್ರ ಜಗ್ತದ್ರಿ."

ಬಿಬಿಜಾನ್ ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಆಮೇಲೆ ನಗು ಬರುತ್ತದೆ. "ನಿಮಗ ಬೈಯಾಕ ನನಗ ಮುಖಾ ಇಲ್ಲ. ಇದ ಹುಚ್ಚಿಗೆ ನಾ ಒಂಬತ್ತು ಅಂಗಿ ಹರದೇನಿ. ಕೈ ಎತ್ತು." ಬ್ಲೇಡಿನ ತುದಿಯಿಂದ ಕೈಹೊಲಿಗೆಯನ್ನು ಒಂದೊಂದಾಗಿ ಬಿಡಿಸುತ್ತಾರೆ. ಅಂಗಿ ತೆಗೆಸಿ, ಬಿಡಿಸಿದ ಗೆರೆಯ ಮೇಲೆ ಇಸ್ತ್ರಿ ಓಡಿಸಿ ಮತ್ತೆ ತೊಡಿಸುತ್ತಾರೆ. "ಈಗ ವಿಲನ್‌ಗ ಒಂದು ಹಾಕು." ರೋಹಿಣಿ ಹಾಕಿದ ಏಟಿಗೆ ಚೀಲ ಗೋಡೆಯ ಹೀರೋಗೆ ಹೋಗಿ ಬಡಿಯುತ್ತದೆ. ಅಂಗಿ ಹಾಗೆಯೇ ಇದೆ.

ಉಳಿದ ನಾಲ್ವರು ಆಗಲೇ ಮೈದಾನಕ್ಕೆ ಹೋಗಿಯಾಗಿದೆ. ಚಹಾ ಇಲ್ಲ, ನಾಷ್ಟಾ ಇಲ್ಲ, ಬ್ಲೇಡು, ನೂಲು, ಸೂಜಿ ಸೆರಗಿಗೆ ಕಟ್ಟಿಕೊಂಡು ಬಿಬಿಜಾನ್ ರೋಹಿಣಿಯೊಂದಿಗೆ ಆಟೋ ಹತ್ತುತ್ತಾರೆ. ಮೈದಾನದ ನೀರಿನ ಟಾಕಿಯ ಹಿಂದೆ ನಾಲ್ವರೂ ಸಾಲಾಗಿ ಕೈ ಮೇಲೆತ್ತಿ ನಿಲ್ಲುತ್ತಾರೆ, ಉಳಿದ ಹುಡುಗಿಯರು ಮುಂದೆ ಗೋಡೆಯಂತೆ ನಿಲ್ಲುತ್ತಾರೆ. "ಅಕ್ಕಾರ, ಬಂದೂಕು ತೋರ್ಸಿದಂಗ ನಿಲ್ಸೀರಲ್ರಿ," ಎಂದು ಒಬ್ಬಳು ಅನ್ನುತ್ತಾಳೆ. "ನಕ್ಕಿ ಅಂದ್ರ ಬ್ಲೇಡು ತಾಗ್ತದ, ಸುಮ್ನಿರು." ಮೂರನೆಯ ಅಂಗಿ ಬಿಡಿಸುವಾಗ ಪದ್ಮಜಾ ಟಾಕಿಯ ಮೂಲೆ ತಿರುಗಿ ಬರುತ್ತಾರೆ. ಎತ್ತಿದ ಕೈಗಳನ್ನೂ ಬ್ಲೇಡನ್ನೂ ನೋಡುತ್ತಾರೆ. ಗಡಿಯಾರ ನೋಡಿಕೊಳ್ಳುತ್ತಾರೆ. ಹಿಂದಿರುಗಿ, ಹಾಜರಿ ಪಟ್ಟಿಯನ್ನು ಕೊನೆಯ ಹೆಸರಿನಿಂದ ಕರೆಯಲು ಶುರುಮಾಡುತ್ತಾರೆ. ನಾಲ್ಕನೆಯವಳ ಹೆಸರು ಪಟ್ಟಿಯ ಮೊದಲಿಗಿದೆ, ಅವಳ ಅಂಗಿಗೆ ಬೇಕಾದ ಐದು ನಿಮಿಷ ಹಾಗೆ ಸಿಗುತ್ತದೆ.

ಎಂಟಕ್ಕೆ ಸೀಟಿ. ಬಿಬಿಜಾನ್ ಮೈದಾನದ ಅಂಚಿನ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಮಡಿಲ ತುಂಬ ನೂಲಿನ ಚೂರು. ಗೇಟಿನ ಬಳಿ ಕಾವಲಿಗೆ ನಿಂತವರು ನಿಜಲಿಂಗಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯಾಗಿದೆ. ಪದ್ಮಜಾ ಅವರ ಕೂಗು ಏಳುತ್ತದೆ. ಇಪ್ಪತ್ತೆರಡು ಬಲಗೈಗಳು ಒಟ್ಟಿಗೆ ಮೇಲೇರುತ್ತವೆ. ಬಿಬಿಜಾನ್ ನೋಡುವುದಿಲ್ಲ, ತಲೆ ತಗ್ಗಿಸಿ ಕಿವಿಗೊಡುತ್ತಾರೆ. ಹಿಮ್ಮಡಿಗಳು ಒಂದಾಗಿ ಬಡಿದ ಸದ್ದು. ಆಮೇಲೆ ಮರದ ಮೇಲೆ ಗಿಳಿಗಳ ಗಲಾಟೆ. ಮತ್ತೇನೂ ಇಲ್ಲ. ತಲೆ ಎತ್ತಿದಾಗ ಇಪ್ಪತ್ತೆರಡು ಕಂಕುಳಲ್ಲಿ ಇಪ್ಪತ್ತೆರಡು ಎಲೆಗಳು ಬಿಚ್ಚಿಕೊಂಡಿರುವುದು ಅವರಿಗೆ ಮಾತ್ರ ಕಾಣುತ್ತದೆ.

ಆಸೆ ಏನಾದರೂ ಇದೆಯೇ ಎಂದರೆ ಅವರಿಗೆ ಉತ್ತರ ಸಿದ್ಧವಿದೆ. ಸಿನಿಮಾ ಮುಗಿದು ಜನ ಏಳುವಾಗ ಪಡದೆಯ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರುಗಳು ಹರಿಯುತ್ತವೆ. "ಅದ್ರಾಗ ಬಟ್ಟಿ ಹೊಲದಾವ್ರ ಹೆಸರೂ ಬರ್ತದ. ನಾ ಓದಿ ಮುಗಸೂದ್ರಾಗ ಲೈಟ್ ಹಾಕಿಬಿಡ್ತಾರ. ಒಮ್ಮೆರ ಪೂರ್ತಿ ಓದಬೇಕು ನೋಡ್ರಿ. ಅಶ್ಫಾಕ ಹೆಂಗೂ ಮಲಗಿರ್ತಾನ, ಅವಸರ ಇಲ್ಲ."

ಕವಾಯತು ಮುಗಿಯುತ್ತದೆ. ಹುಡುಗಿಯರು ಟೋಪಿ ತೆಗೆದು ಗುಂಪಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಬಿಬಿಜಾನ್ ಮಡಿಲ ನೂಲನ್ನು ಉಂಡೆ ಮಾಡಿ ಏಳಲು ಹೋಗುತ್ತಾರೆ, ತಲೆ ತಿರುಗಿದಂತಾಗಿ ಮತ್ತೆ ಕೂರುತ್ತಾರೆ. ಗೇಟಿನ ಕಡೆಯಿಂದ ಬೂಟಿನ ಸದ್ದು ಹತ್ತಿರ ಬರುತ್ತದೆ. ನಿಜಲಿಂಗಪ್ಪ ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಾರೆ. ಕೈಯಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ತಮ್ಮ ಬುತ್ತಿ. ಗಂಟನ್ನು ತಾವೇ ಬಿಚ್ಚುತ್ತಾರೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅದನ್ನು ಬಿಬಿಜಾನ್ ಕೈಗಿಟ್ಟು, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು, ತಮ್ಮ ಗೇಟಿಗೆ ಮರಳುತ್ತಾರೆ.