ಮುರ್ತುಜಾಸಾಬರನ್ನು ನಾನು ಪರೀಕ್ಷಿಸಿದ್ದು

೧೯೬೩ರ ಮಾರ್ಚಿನಲ್ಲಿ ಬಿ.ಎ. ಮುಗಿಸಿ, ವಿಜಾಪುರದ ಶಿಕ್ಷಣ ಇಲಾಖೆಯ ಒಂದು ಕಚೇರಿಯಲ್ಲಿ ಹಂಗಾಮಿ ಕಾರಕೂನಳಾಗಿದ್ದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಟಿಕೋಟಾ, ಬಬಲೇಶ್ವರದ ಕೇಂದ್ರಗಳಿಗೆ ಮುಟ್ಟಿಸಲು ಹೊರಗಿನ ಗಾಡಿಯವರು ಬೇಕಾಗಿದ್ದರು. ಅವರು ನಂಬಿಕಸ್ಥರೋ ಅಲ್ಲವೋ ಅಳೆದು ವರದಿ ಕೊಡುವ ಕೆಲಸ ನನಗೆ ಬಂತು. ಅಲ್ಲಿಯವರೆಗೆ ನಾನು ಅಳೆದದ್ದು ಚಹಾದ ಸಕ್ಕರೆಯನ್ನು ಮಾತ್ರ. ಅದೂ ದಿನಾ ತಪ್ಪಾಗಿ.

ಕೆಲಸ ಕೇಳಿ ಬಂದವರಲ್ಲಿ ಕೊನೆಗೆ ಉಳಿದವರು ಮುರ್ತುಜಾಸಾಬರೊಬ್ಬರೇ. ಇಪ್ಪತ್ತು ವರ್ಷದಿಂದ ಸ್ಟೇಷನ್ ರಸ್ತೆಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಏರು ಬಂದರೆ ಕೆಳಗಿಳಿದು ಕುದುರೆಯ ಪಕ್ಕದಲ್ಲಿ ನಡೆಯುವ ಮನುಷ್ಯ. ಬಸ್ಸುಗಳು ಹೆಚ್ಚಾಗಿ, ಟಾಂಗಾ ಹತ್ತುವವರು ಕಡಿಮೆಯಾಗಿದ್ದರು. ಈ ಗುತ್ತಿಗೆ ಸಿಗದಿದ್ದರೆ ಕುದುರೆ ಮಾರಬೇಕಾಗುತ್ತದೆಂದು ಅವರ ಹೆಂಡತಿ ಮಾಶಾಬಿ ಹೇಳಿದ್ದಳು.

ನಿಯಮ ಎರಡೇ. ಪ್ರಶ್ನೆಪತ್ರಿಕೆಗಳ ಗಂಟಿಗೆ ಹಾಕಿದ ಅರಗಿನ ಮುದ್ರೆ ಒಡೆಯಬಾರದು. ಗಂಟಿನ ಜೊತೆ ಯಾರನ್ನೂ ಹತ್ತಿಸಿಕೊಳ್ಳಬಾರದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಂಟು ಕಟ್ಟಿ, ಅರಗು ಹಾಕಿ, ಹೊಸವೆಂದೇ ಹೇಳಿ ಟಿಕೋಟಾಕ್ಕೆ ಒಯ್ಯಲು ಅವರಿಗೆ ಕೊಟ್ಟೆ. ನಾನು ಬಸ್ಸಿನಲ್ಲಿ ಮೊದಲೇ ಹೋಗಿ, ಟಿಕೋಟಾ ಇನ್ನೂ ದೂರವಿರುವಾಗಲೇ ಇಳಿದು, ಮುಖದ ತುಂಬ ಸೆರಗೆಳೆದು ನಿಂತೆ. ಸುತ್ತ ಕೊಯ್ದ ಜೋಳದ ಹೊಲ, ನೆರಳೆಂಬುದು ಆಕಾಶದಲ್ಲೂ ಇರಲಿಲ್ಲ. ಎರಡು ತಾಸಿನ ಮೇಲೆ ಟಾಂಗಾ ಬಂತು.

"ಯಪ್ಪಾ, ನನ್ನ ಮಗ ಮುಲ್ಕಿಗೆ ಕುಂತಾನ. ಗಂಟು ಒಂಚೂರು ಬಿಚ್ಚಿ ತೋರಸ್ರಿ," ಎಂದೆ, ಧ್ವನಿ ನಡುಗಿಸಿ.

"ಬಿಚ್ಚಾಕ ಬರೂದಿಲ್ಲ ಬೇ. ಮಗಗ ಓದಾಕ ಹೇಳು." ಆಮೇಲೆ ಬಗ್ಗಿ ನೋಡಿದರು. "ಅಕ್ಕಾರ, ನೀವೇನ್ರಿ? ಮದವಿನ ಆಗಿಲ್ಲ, ಮಗ ಮುಲ್ಕಿ ತನಕ ಬಂದಾನ?"

ಸೆರಗು ಹಿಂದಕ್ಕೆ ಸರಿಸುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಕುಸಿದು ಕುಳಿತೆ.

"ಬಿಸಲು ತಲಿಗೇರೈತಿ. ಹತ್ತ್ರಿ ಮೊದಲ."

"ನಿಯಮ ಐತ್ರಿ..." ಎಂದೆ ನಾನು.

"ನಿಯಮ ನೀರು ಕುಡಸತೈತೇನ್ರಿ? ಹತ್ತ್ರಿ."

ಟಿಕೋಟಾದವರೆಗೆ ಆ ಗಂಟಿಗೇ ತಲೆಯಾನಿಸಿ ಹೋದೆ.

ಮರುದಿನ ವರದಿ ಬರೆದೆ: ಅರಗು ಒಡೆಯಲಿಲ್ಲ, ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಹೆಬ್ಬಟ್ಟು ಒತ್ತಿಸಲು ಮುರ್ತುಜಾಸಾಬರಿಗೆ ಓದಿ ಹೇಳಿದೆ. ಮಸಿ ಹಚ್ಚಿದ ಬೆರಳನ್ನು ಅವರು ಹಿಂದಕ್ಕೆಳೆದುಕೊಂಡರು.

"ನಿಮ್ಮನ್ನ ಹತ್ತಿಸಿಕೊಂಡೇನಲ್ರಿ. ಅದನ್ನ ಬರೀರಿ."

"ಬರದ್ರ ಕೆಲಸ ಹೋಗತೈತಿ, ಸಾಬರ. ಕುದುರಿ?"

ಬೆರಳಿನ ಮಸಿಯನ್ನು ಅಂಗಿಗೆ ಒರೆಸಿಕೊಂಡರು. "ಸುಳ್ಳಿಗೆ ಹೆಬ್ಬಟ್ಟು ಒತ್ತೂದಿಲ್ರಿ ನಾ," ಎಂದರು.

ಆ ಹಾಳೆ ಹರಿದುಹಾಕಿ, ಇನ್ನೊಂದು ತೆಗೆದುಕೊಂಡು ಎಲ್ಲವನ್ನೂ ಬರೆದೆ, ಇಲ್ಲದ ಮಗನನ್ನೂ ಸೇರಿಸಿ. ಹರಿದ ಹಾಳೆಯ ಕಥೆಯನ್ನೂ ಬಿಡಲಿಲ್ಲ. ಕಚೇರಿಯ ಸಾಹೇಬರು ಎರಡು ಸಲ ಓದಿದರು, ನಗು ತಡೆಯಲು ಕನ್ನಡಕ ಒರೆಸಿಕೊಂಡರು.

"ಗುತ್ತಿಗಿ ಅವರಿಗೇ ಇರ್ಲಿ. ಬಾಯಾರ, ನೀವು ಮಂದೀನ ಪರೀಕ್ಷಾ ಮಾಡೂದು ಸಾಕು, ನಾಳಿಂದ ಅರಗು ಕಾಸ್ರಿ."

ಮುಲ್ಕಿ ಪರೀಕ್ಷೆ ಮುಗಿಯುವವರೆಗೆ ಅರಗು ಕಾಸಿ ಗಂಟುಗಳಿಗೆ ಮುದ್ರೆ ಹಾಕಿದೆ. ದಿನಾ ಬೆಳಿಗ್ಗೆ ಮುರ್ತುಜಾಸಾಬರು ಬಂದು, ಗಂಟನ್ನು ತಿರುಗಿಸಿ ಒಂದೊಂದೇ ಮುದ್ರೆ ನೋಡುತ್ತಿದ್ದರು. ಮೂರನೆಯ ದಿನ ಒಂದು ಗಂಟನ್ನು ನನ್ನ ಮುಂದೆ ಇಟ್ಟರು.

"ಇದು ಸರಿ ಕುಂತಿಲ್ರಿ ಅಕ್ಕಾರ. ಮತ್ತೊಮ್ಮೆ ಹಾಕ್ರಿ."

ಹಾಕಿದೆ.